ಗಡ್ಡ ಬಂದ ಅತ್ತೆ

ಸ್ಪೇನಿನ ರಾಜನ ದಂಡು ಶರಣಾಯಿತು. ಕೀನ್ವಾ ಊರಿನ ಮೇಲಣ ಬಯಲಿನಲ್ಲಿ ತುಪಾಕಿಗಳು ರಾಶಿ ಬಿದ್ದವು. ಸ್ಪೇನಿನ ದೊರೆಗಳು ಮುಖ ಸಣ್ಣ ಮಾಡಿಕೊಂಡು ಕಾಗದಕ್ಕೆ ರುಜು ಹಾಕಿದರು, ಗೆದ್ದವರು ಪೆರು ಸ್ವತಂತ್ರವಾಯಿತೆಂದು ಕಹಳೆ ಊದಿದರು. ಮೆಲ್ಚೋರಳಿಗೆ ಮಾತ್ರ ಒಂದೇ ಚಿಂತೆ: ಗಂಡ ಮನೆಗೆ ಬರುತ್ತಾನೋ ಇಲ್ಲವೋ.

ಗಂಡ ಇಲಾರಿಯೊನನ್ನು ರಾಜನ ಕಡೆಯವರು ಆಲೂಗಡ್ಡೆ ಹೊಲದಿಂದಲೇ ಹಿಡಿದೊಯ್ದಿದ್ದರು. ಅಂದಿನಿಂದ ಅವಳೂ ದಂಡಿಗೆ ಬೇಯಿಸಿ ಹಾಕುವ ಹೆಂಗಸರ ಜೊತೆ ಮಡಕೆ ಹೊತ್ತು ಬೆಟ್ಟಬೆಟ್ಟ ಅಲೆದಿದ್ದಳು. ಈಗ ಸೋತ ಸ್ಪೇನಿನವರಿಗೆ ಊರಿಗೆ ಹೋಗಲು ಹಡಗಂತೆ! ಇಲ್ಲಿಯ ಮಣ್ಣಿನ ಮಕ್ಕಳನ್ನು ಮಾತ್ರ ಗೆದ್ದವರು ತಮ್ಮ ದಂಡಿಗೆ ಎಳೆದುಕೊಳ್ಳುತ್ತಿದ್ದರು. ಯಾರು ಆಳಿದರೂ ರಾಗಿ ಬೀಸುವುದು ತಪ್ಪದು ಎಂದರೆ ಇದೇ ನೋಡಿ.

ಮೆಲ್ಚೋರ ಗಂಡನನ್ನು ಬಂಡೆಯ ಮರೆಗೆ ಎಳೆದಳು. ಒಂದರ ಮೇಲೊಂದು ಉಟ್ಟಿದ್ದ ಲಂಗಗಳಲ್ಲಿ ಒಂದನ್ನು ಬಿಚ್ಚಿ ಅವನಿಗೆ ತೊಡಿಸಿ, ಟೋಪಿಯನ್ನು ಮೂಗಿನವರೆಗೆ ಜಗ್ಗಿ, ಕೈಗೆ ಉಣ್ಣೆ, ಕದಿರು ಕೊಟ್ಟಳು.

"ನಡೀತಾ ನೂಲ್ತಾ ಇರು. ಹೆಂಗಸ್ರು ಯಾರಾದ್ರೂ ಖಾಲಿ ಕೈಲಿ ನಡೀತಾರಾ?"

"ನಂಗೆ ನೂಲೋಕೆ ಬರಲ್ವಲ್ಲೇ!"

"ಮದ್ವೆ ಆದಾಗಿಂದ ನೋಡ್ತಾನೇ ಇದ್ದೀಯಲ್ಲ. ಊಟ ಮಾಡೋವಾಗ ಮಾತ್ರ ಕಣ್ಣು ಬಿಡ್ತೀಯಾ?"

ದಾರಿಯ ತಿರುವಿನಲ್ಲಿ ಗೆದ್ದ ದಂಡಿನ ಹವಾಲ್ದಾರ ಪರಿಯೋನ ಒಬ್ಬನೇ ಕಾವಲಿದ್ದ. ಮುಖ, ಮಾತು ಎರಡೂ ಇದೇ ಬೆಟ್ಟದವು. ಬಿಳಿಯ ಅಧಿಕಾರಿಯಾಗಿದ್ದರೆ ಲಂಗ ನೋಡಿ ಬಿಟ್ಟುಬಿಡುತ್ತಿದ್ದ. ಇವನು ಕೈ ನೋಡುವವನು.

"ಇದ್ಯಾರು ತಂಗಿ, ಇಷ್ಟೆತ್ತರ?"

"ನಮ್ಮತ್ತೆ ಅಣ್ಣಾ."

"ಗಡ್ಡ ಬಂದಿದೆಯಲ್ಲ?"

"ಅದೇನು ಮಹಾ! ಬಾಯಿ ತೆಗೆದ್ರೆ ಇನ್ನೂ ಗಂಡುಬೀರಿ. ನನ್ನ ಗೋಳು ಯಾರು ಕೇಳ್ತಾರೆ?"

ಹವಾಲ್ದಾರ ನಗು ನುಂಗಿಕೊಂಡು ಅತ್ತೆಯ ಕೈ ನೋಡಿದ. ಗಾಬರಿಯಲ್ಲಿ ಇಲಾರಿಯೊ ಕದಿರನ್ನು ಕಂಕುಳಿಗೆ ಸಿಕ್ಕಿಸಿ, ತನಗೇ ತಿಳಿಯದಂತೆ ಉಣ್ಣೆಯಲ್ಲಿ ಕವಣೆ ಹೆಣೆಯುತ್ತಿದ್ದ. ಕವಣೆ ಹೆಣೆಯುವುದು ಗಂಡಸರ ಕೆಲಸ. ಆ ಬೆಟ್ಟಗಳಲ್ಲಿ ಅದನ್ನು ಹೆಣೆದ ಹೆಂಗಸನ್ನು ಯಾರೂ ಕಂಡಿಲ್ಲ. ಮೆಲ್ಚೋರಳಿಗೆ ಗಂಡನ ತಲೆಗೆ ಮಡಕೆಯಿಂದ ಬಡಿಯುವಷ್ಟು ಸಿಟ್ಟು ಬಂತು, ಜೊತೆಗೇ ಅಳುವೂ ಬಂತು.

ಪರಿಯೋನ ಆ ಅರೆಬರೆ ಕವಣೆಯನ್ನು ಕೈಗೆ ತೆಗೆದುಕೊಂಡ. ತಾನೂ ನಾಲ್ಕು ಎಳೆ ಹೆಣೆದು ನೋಡಿದ. ಆಮೇಲೆ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ.

"ನಾನೂ ಮನೆ ಮುಖ ನೋಡಿ ಎಷ್ಟೋ ಕಾಲ ಆಯ್ತು ತಂಗಿ. ಇನ್ನೊಂದು ಲಂಗ ಇದ್ಯಾ?"

ಮೆಲ್ಚೋರ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಇದೆ. ಆದ್ರೆ ಅತ್ತೆ ಒಬ್ಳೇ ಸಾಕು ನಂಗೆ. ನೀನು ನಾದಿನಿ ಆಗು."