ನುಂಗಿದ ಇಂಗ್ಲಿಷ್

ಗೊಬ್ಬರದ ವ್ಯಾಪಾರಿ ಉಳವಪ್ಪನವರಿಗೆ ಇಂಗ್ಲಿಷಿನ ಗಂಧಗಾಳಿಯೂ ಇರಲಿಲ್ಲ. ಆ ಧೈರ್ಯದಿಂದಲೇ ಅವರು ಸಪ್ತಾಪುರದಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆ ತೆರೆದಿದ್ದರು. ಶಿಕ್ಷಕರ ಆಯ್ಕೆಗೆ ಚೇರ್ಮನ್ ಅಂತ ತಾವೇ ಬಂದು, ಬೈಠಕ್ಕಿನಲ್ಲಿ ಗಾಯನ ಕೇಳುವವರ ಹಾಗೆ ಕಣ್ಣು ಮುಚ್ಚಿ ಕೂರುವುದು ಅವರ ಪದ್ಧತಿ. ಪಕ್ಕದಲ್ಲಿ ಮುಖ್ಯೋಪಾಧ್ಯಾಯಿನಿ ಗೀತಾಂಜಲಿ. ಆ ಮುಚ್ಚಿದ ಕಣ್ಣು ಕಂಡರೆ ಆಕೆಗೆ ಮೈ ಉರಿಯುತ್ತಿತ್ತು.

ಆವತ್ತು ಒಂದು ಹುದ್ದೆಗೆ ಇಬ್ಬರು ಬಂದಿದ್ದರು. ಉಪ್ಪಿನಬೆಟಗೇರಿಯ ಸಿದ್ಧಾರೂಢ ಹೋದ ವರ್ಷದಿಂದ ಇದೇ ಶಾಲೆಯಲ್ಲಿ ಹಂಗಾಮಿ. ಈಗ ಕಾಯಂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. "ನಿಮ್ಮ ಹೆಸರು ನಾನ ಹೇಳತೇನಿ, ಚಿಂತಿ ಮಾಡಬ್ಯಾಡ್ರಿ" ಎಂದು ಗೀತಾಂಜಲಿ ಅವನಿಗೆ ಮಾತು ಕೊಟ್ಟಿದ್ದಳು. ಇನ್ನೊಬ್ಬ ಹುಬ್ಬಳ್ಳಿಯ ಅಂಬರೀಷ, ತಲೆಗೂದಲಿಗೆ ಜೆಲ್ ಮೆತ್ತಿಕೊಂಡವನು.

ತರಗತಿಯಲ್ಲಿ ಮಕ್ಕಳ ಮುಂದೆ ಕಲಿಸಿ ತೋರಿಸಲು ಇಬ್ಬರಿಗೂ ಒಂದೇ ಪಾಠ: ಇಂಗ್ಲಿಷಿನ 'ಐ ಆ್ಯಮ್' ಬಾಯಲ್ಲಿ 'ಐಮ್' ಆಗುವುದು, 'ಡು ನಾಟ್' ಕುಗ್ಗಿ 'ಡೋಂಟ್' ಆಗುವುದು. ಅಂಬರೀಷ 'ಗೋಯಿಂಗ್ ಟು'ಗೆ 'ಗಾನಾ', 'ವಾಂಟ್ ಟು'ಗೆ 'ವಾನಾ' ಎನ್ನುತ್ತ ಅರ್ಧ ಶಬ್ದ ನುಂಗಿದ, ಉಳಿದರ್ಧ ಮೂಗಿನಿಂದ ಬಿಟ್ಟ. ಮಕ್ಕಳು ಪಿಳಿಪಿಳಿ ನೋಡಿದರು. ಉಳವಪ್ಪನವರು ತಲೆದೂಗಿದರು. ಥೂ, ಇದೂ ಒಂದು ಪಾಠವೇ ಎಂದುಕೊಂಡಳು ಗೀತಾಂಜಲಿ.

ಸಿದ್ಧಾರೂಢ ಬೋರ್ಡಿನ ಮೇಲೆ ಎರಡೂ ರೂಪ ಬರೆದ. "ಅವ್ವನ ಮುಂದ 'ಸಾಲಿಗೆ ಹೊಂಟೇನಿ' ಅಂತೀರಿ. ಅದನ್ನ ಪರೀಕ್ಷಾದಾಗ 'ಹೊರಟಿದ್ದೇನೆ' ಅಂತ ಬರೀತೀರಿ. ಇಂಗ್ಲಿಷಿನ್ಯಾಗೂ ಹಂಗ. ಮಾತಾಡೂ ಮುಂದ 'ಐಮ್', ಅರ್ಜಿ ಬರಿಯೂ ಮುಂದ 'ಐ ಆ್ಯಮ್'." ಯಾವತ್ತೂ ಬಾಯಿ ಬಿಡದ ಮಾಯಾ ಎಂಬ ಹುಡುಗಿ ಕೂಡ ಎದ್ದು ನಿಂತು ತಾನೇ ಒಂದು ಉದಾಹರಣೆ ಕೊಟ್ಟಳು. ಉಳವಪ್ಪನವರ ಕಣ್ಣು ತೆರೆದವು. ಇನ್ನೇನು ಕೆಲಸ ಆಯಿತು ಎಂದು ಗೀತಾಂಜಲಿ ಒಳಗೊಳಗೇ ಹಿಗ್ಗಿದಳು.

ಆಫೀಸಿಗೆ ಬಂದು ಕೂತ ಮೇಲೆ ಉಳವಪ್ಪನವರು ಅಡಿಕೆ ಬಾಯಿಗೆ ಹಾಕಿಕೊಂಡರು. "ಆ ಹುಬ್ಬಳ್ಳಿ ಹುಡುಗನ್ನ ತಗೊಳ್ಳೂಣ್ರಿ."

"ಸಿದ್ಧಾರೂಢ ಸರ್ ಭಾಳ ಛಲೋ ಕಲಿಸಿದ್ರಲ್ರಿ?"

"ಕಲಿಸಿದಾ. ಆದ್ರ ಅಂವಾ ಅಂದದ್ದೆಲ್ಲಾ ನನಗ ತಿಳೀತಲ್ರಿ ಮೇಡಂ! ನನಗ ತಿಳಿಯೂ ಇಂಗ್ಲಿಷಿಗೆ ಮಂದಿ ಯಾಕ ಫೀ ಕೊಡತಾರ? ಆ ಹುಡುಗಂದು ನೋಡ್ರಿ, ಒಂದು ಅಕ್ಷರ ತಿಳೀಲಿಲ್ಲ. ಅದು ಖರೇ ಇಂಗ್ಲಿಷ್. ಹೌದಲ್ರಿ?"

ಎಂಥ ಶತದಡ್ಡ! ಇವನ ಕೈಕೆಳಗೆ ದುಡಿಯಬೇಕಾಯಿತಲ್ಲ ಎಂದು ಗೀತಾಂಜಲಿಗೆ ಹೇಸಿಗೆಯಾಯಿತು. ನೆಟ್ಟಗೆ ನಾಲ್ಕು ಮಾತು ಅಂದುಬಿಡಬೇಕೆಂದು ಬಾಯಿ ತೆರೆದಳು. ಆದರೆ ತಾನು ಕೂತ ಕುರ್ಚಿಯೂ ಈ ದಡ್ಡ ಕೊಟ್ಟದ್ದೇ.

"ಹೌದ್ರಿ ಸರ್" ಎಂದು ಹಲ್ಲು ಕಿರಿದಳು.

ಆಕೆ ಹೊರಗೆ ಬಂದಾಗ ಸಿದ್ಧಾರೂಢ ಆಫೀಸಿನ ಮುಂದಿನ ಪಡಸಾಲೆಯಲ್ಲೇ ನಿಂತಿದ್ದ. ಅವನ ಮುಖ ನೋಡಿಕೊಂಡು ಸುಳ್ಳು ಹೇಳಲು ಆಕೆಗೆ ಕನ್ನಡದಲ್ಲಿ ನಾಲಿಗೆ ಹೊರಳಲಿಲ್ಲ. "ಇಟ್ ವಾಜಂಟ್ ಮೈ ಡಿಸಿಷನ್, ಐ'ಡ್ ಟೋಲ್ಡ್ ಹಿಮ್ ನೋ" ಎಂದು ಅಂಬರೀಷನಿಗಿಂತ ಲಗುಬಗೆಯಿಂದ ನುಂಗಿ ನುಂಗಿ ಹೇಳಿ ದಾಟಿಹೋಗಲು ನೋಡಿದಳು.

ಅವನು ಸರಿದು ದಾರಿ ಬಿಟ್ಟ.

"ಬಾಗಲಾ ತಗದ ಇತ್ರಿ ಮೇಡಂ" ಎಂದ. "ನೀವು 'ಹೌದ್ರಿ' ಅಂದದ್ದು ಕೇಳಿಸ್ತ್ರಿ."