ಕನ್ನಡಿಯಲ್ಲಿ ಸಿಗದ ಬುದ್ಧ

ಬೀದಿಯವರು ಮಾವನಿಗೆ ಇಟ್ಟ ಅಡ್ಡಹೆಸರು ದೂರ್ವಾಸ. ಮಣ್ಣಿನ ಮೂರ್ತಿ ಮಾಡುವುದರಲ್ಲಿ ಎತ್ತಿದ ಕೈ, ಸಿಡುಕುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಮದುವೆಯಾಗಿ ಬಂದಾಗಿನಿಂದ ಸೊಸೆ ಅವರ ಎದುರಿಗೇ ಕೂತು ಕೆಲಸ ಕಲಿತಿದ್ದಳು. ಮೂರ್ತಿಯ ಉಡುಗೆಯ ನೆರಿಗೆ, ತಲೆಯ ಗುಂಗುರು, ಕೈಬೆರಳು, ಏನು ಬೇಕಾದರೂ ಮಾಡುತ್ತಿದ್ದಳು. ಮುಖ ಮಾತ್ರ ಮುಟ್ಟುವ ಹಾಗಿಲ್ಲ. ಮುಖ ಯಜಮಾನನದ್ದು, ಅದು ಆ ಮನೆಯ ಕಟ್ಟುನಿಟ್ಟು. ಒಂದೇ ಒಂದು ಮುಖ ಮಾಡಬೇಕೆಂಬ ಆಸೆ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಅಷ್ಟರಲ್ಲಿ ಮ್ಯೂಸಿಯಂ ನಡೆಸುವ ಮೇಡಂ ಒಬ್ಬರು ಒಂದು ದೊಡ್ಡ ಕೆಲಸ ತಂದರು. ಬುದ್ಧ ಏಷ್ಯಾದ ಉದ್ದಗಲಕ್ಕೂ ಹಬ್ಬಿದ ಬಗೆಯನ್ನು ಮಣ್ಣಿನಲ್ಲಿ ಸಾಲಾಗಿ ತೋರಿಸಬೇಕಂತೆ. ಮೊದಲಿಗೆ ಬರೀ ಖಾಲಿ ಪೀಠ, ಅದರ ಮುಂದೆ ಹೆಜ್ಜೆಗುರುತು. ಬುದ್ಧ ಹೋದ ಮೇಲೆ ಬಹಳ ಕಾಲ ಅವನನ್ನು ಹಾಗೇ ತೋರಿಸುತ್ತಿದ್ದರಂತೆ.

"ಗಿರಾಕಿ ಅಂದ್ರೆ ಇಂಥವರು ಸಿಗಬೇಕು, ಮುಖಾನೇ ಬೇಡ ಅಂತಾರೆ!" ಎಂದು ಮಾವ ಖುಷಿಪಟ್ಟರು.

ಆಮೇಲೆ ಗಾಂಧಾರದ ಅಲೆಗೂದಲಿನವನು, ಚೀನಾದ ತುಂಬುಗೆನ್ನೆಯವನು, ಜಾವಾದ ದಪ್ಪತುಟಿಯವನು. ಒಂಟೆಯ ಹಿಂದೆಯೋ ಹಡಗು ಹತ್ತಿಯೋ ಭಿಕ್ಷುಗಳು ಹೋದಲ್ಲೆಲ್ಲ ಅಲ್ಲಿಯವರು ಬುದ್ಧನಿಗೆ ತಮ್ಮದೇ ಮುಖ ಕೊಟ್ಟುಬಿಟ್ಟಿದ್ದರು.

"ಕೊನೆಯದು ಇವತ್ತಿನ ಬುದ್ಧ. ಅದಕ್ಕೆ ನಿಮ್ಮ ಮುಖಾನೇ ಇರ್ಲಿ" ಎಂದು ಹೇಳಿ ಮೇಡಂ ಹೋದರು.

ಉಳಿದವೆಲ್ಲ ಸಲೀಸಾಗಿ ಆದವು. ಕೊನೆಯದಕ್ಕೆ ಮಾವ ಗೋಡೆಗೆ ಕನ್ನಡಿ ತೂಗುಹಾಕಿ, ಅದನ್ನು ದುರುಗುಟ್ಟಿ ನೋಡುತ್ತಾ ಮಣ್ಣು ಮೆತ್ತಿದರು. ಹಾಗೆ ನೋಡಿದರೆ ಇನ್ನೇನು ಬಂದೀತು? ಬುದ್ಧನ ಹುಬ್ಬು ಗಂಟಿಕ್ಕಿತು. ಅಳಿಸಿ ಮಾಡಿದರು, ಮತ್ತೂ ಗಂಟು.

ಕಾಫಿ ತಂದ ಅತ್ತೆ ನೋಡಿ ಪಕ್ಕೆ ಹಿಡಿದುಕೊಂಡು ನಕ್ಕರು. "ಇವನಿಗೆ ಜ್ಞಾನೋದಯ ಆದ ಹಾಗಿಲ್ಲ, ಹಲ್ಲುನೋವು ಬಂದ ಹಾಗಿದೆ! ಕೋಪ ಬಿಡಿ ಅಂತ ಊರೂರು ತಿರುಗಿ ಹೇಳಿದೋನಿಗೇ ಕೋಪ ಬರ್ಸಿದೀರಲ್ಲ!"

"ನನ್ನ ಕೈಲಿ ಆಗಲ್ಲ. ಬೇರೆಯವರನ್ನ ನೋಡ್ಕೊಳ್ಳಿ ಅಂತ ಮೇಡಂಗೆ ಹೇಳ್ತೀನಿ" ಎಂದು ಮಾವ ಮಣ್ಣು ತಿದ್ದುವ ಕಡ್ಡಿ ಬಿಸಾಡಿದರು.

ಸೊಸೆ ಆ ಕಡ್ಡಿ ಎತ್ತಿಕೊಂಡಳು. "ಮಾವ, ನಾನು ಮಾಡ್ಲಾ?"

"ನೀನಾ? ಕೆಟ್ಟರೆ?"

"ಎಲ್ಲಾ ಅನಿತ್ಯ ಅಂತ ಅವನೇ ಹೇಳಿದಾನಲ್ಲ. ಕೆಟ್ಟರೆ ಮುದ್ದೆ ಮಾಡಿ ಕಲಸಿದರಾಯ್ತು."

"ಬಾಯಿಗೇನು ಕಮ್ಮಿ ಇಲ್ಲ! ಸರಿ, ಮಾಡು. ಆದರೆ ಒಂದು ತಪ್ಪು ಸಿಕ್ಕಿತೋ, ಜನ್ಮದಲ್ಲಿ ಇನ್ನು ಮುಖದ ಮಾತೆತ್ತಬಾರದು."

ತಪ್ಪು ಹುಡುಕುವುದರಲ್ಲಿ ಮಾವನನ್ನು ಮೀರಿಸುವವರಿಲ್ಲ. ಅದು ಗೊತ್ತಿದ್ದೂ ಅವಳು ಕೈ ತೊಳೆದು ಬಂದು, ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ಕೂತಳು. ಮಾವ ಎಂದಿನ ಹಾಗೆ ಎದುರಿಗೆ, ಮೂರ್ತಿಯ ಬೆನ್ನ ಕಡೆ ಕೂತು, ಅವಳು ಅರ್ಧಕ್ಕೆ ಬಿಟ್ಟ ನೆರಿಗೆಯನ್ನು ನೀರುಗೈಯಿಂದ ನೇವರಿಸತೊಡಗಿದರು. ಅವಳು ಒಮ್ಮೆ ಎದುರಿಗೆ, ಒಮ್ಮೆ ಮಣ್ಣಿನ ಕಡೆ ನೋಡುತ್ತಾ ಮಾಡಿದಳು. ಹಸಿವು ಬಾಯಾರಿಕೆ ಒಂದೂ ನೆನಪಾಗಲಿಲ್ಲ. ಇಷ್ಟು ಸುಖ ಅವಳು ಯಾವ ಕೆಲಸದಲ್ಲೂ ಕಂಡಿರಲಿಲ್ಲ.

ಸಂಜೆ ಮೇಡಂ ಬಂದಾಗ ಅವಳು ಮೂರ್ತಿಗೆ ಹೊದಿಸಿದ್ದ ಒದ್ದೆಬಟ್ಟೆ ತೆಗೆದಳು. ಮೇಡಂ ಕಣ್ಣರಳಿಸಿ ನಿಂತರು. ಮಾವ ಮಾತ್ರ ಪೀಠವನ್ನು ಸುತ್ತಿ ಸುತ್ತಿ ಬಂದರು. ಬಗ್ಗಿ ನೋಡಿದರು, ಕನ್ನಡಕ ಒರೆಸಿ ನೋಡಿದರು. ಹುಬ್ಬು ಸಡಿಲ, ರೆಪ್ಪೆ ಅರೆಮುಚ್ಚಿದೆ, ತುಟಿಯ ಕೊನೆಯಲ್ಲಿ ಇಷ್ಟೇ ಇಷ್ಟು ನಗು.

"ಈ ಪುಣ್ಯಾತ್ಮನ್ನ ಎಲ್ಲೋ ನೋಡಿದೀನಲ್ಲೇ..."

"ಅಯ್ಯೋ ನನ್ನ ಕರ್ಮವೇ!" ಅತ್ತೆ ಬಾಯಿಗೆ ಸೆರಗು ಹಿಡಿದರು. "ನೀವೇ ರೀ ಅದು!"

"ನಾನಾ? ನಾನ್ಯಾವಾಗ ಹೀಗಿದ್ದೆ?"

"ಮಣ್ಣು ಮುಟ್ಟಿದಾಗೆಲ್ಲ ಹೀಗೇ ಇರ್ತೀರಿ ಮಾವ," ಎಂದಳು ಸೊಸೆ. "ದಿನಾ ಎದುರಿಗೆ ಕೂತು ನೋಡ್ತೀನಲ್ಲ. ನಿಮಗೊಬ್ಬರಿಗೇ ಗೊತ್ತಿಲ್ಲ."

ದೂರ್ವಾಸರು ಮಣ್ಣುಗೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕೆಸರು ಮಾಡಿಕೊಂಡರು.

"ನಾಳೆಯಿಂದ ಮುಖ ನೀನೇ ಮಾಡು. ನೆರಿಗೆ ನನಗಿರಲಿ" ಎಂದವರು, ಸೋತೆನೆಂದು ಒಪ್ಪಲಾರದೆ ಮತ್ತೆ ಬಗ್ಗಿದರು. "ಆದರೂ ಮೂಗು ಒಂಚೂರು ದೊಡ್ಡದಾಯ್ತು."

"ಮೂಗು ಸರಿಯಾಗೇ ಇದೆ" ಎಂದರು ಅತ್ತೆ.