ಗುರಣ್ಣನ ಆಟೊಗೆ ಮಧ್ಯಾಹ್ನದ ಊಟ

2025ರ ಡಿಸೆಂಬರ್ 17, ಬುಧವಾರ, ಸಂಜೆ 6 ಗಂಟೆ 50 ನಿಮಿಷ. ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ ಉಣ್ಣುವ ಎಳ್ಳಮಾವಾಸ್ಯೆಗೆ ಇನ್ನೆರಡೇ ದಿನ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ ಪ್ಯಾರಿಬಿಯ ಹಿಟ್ಟಿನ ಗಿರಣಿ ಗೊರಗೊರ ಎಂದು ನಿಧಾನವಾಯಿತು. ಮೋಟಾರಿನಿಂದ ಸುಟ್ಟ ವಾಸನೆ ಬಂತು. ಪ್ಯಾರಿಬಿ ಓಡಿಹೋಗಿ ಸ್ವಿಚ್ ಆರಿಸಿದಳು.

ಸಜ್ಜೆಯ ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದ ಗೌರಾಬಾಯಿ ಹಣೆ ಬಡಿದುಕೊಂಡಳು. "ಹಬ್ಬದ ದಿನ ಹೊಲದಾಗ ಕುಂತು ಹಸಿ ಸಜ್ಜಿ ಮುಕ್ಕೂದೇನ ಬೇ ಪ್ಯಾರಿ?"

"ಮೋಟಾರ್ ಸುಟ್ಟರ ಊರಿಗೇ ಹಿಟ್ಟಿಲ್ಲ ನೋಡಕ್ಕಾ. ನಿನ್ನೀನೂ ಇದ ಹೊತ್ತಿಗಿ ಹಿಂಗ ಆತು."

ಪ್ಯಾರಿಬಿಯ ಮಗಳು ಅಂಜುಮ ಆಳಂದದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ಅವಳು ಹೊರಗೆ ಬಂದು ಓಣಿ ನೋಡಿದಳು. ಐದು ಮನೆಗಳ ಮುಂದೆ ಐದು ಎಲೆಕ್ಟ್ರಿಕ್ ಆಟೊ, ಎಲ್ಲವೂ ಚಾರ್ಜಿಗೆ. ಕೊನೆಯದಕ್ಕೆ ಆಗಷ್ಟೇ ವಯರ್ ಸಿಕ್ಕಿಸುತ್ತಿದ್ದವನು ಗೌರಾಬಾಯಿಯ ಗಂಡ ಗುರಣ್ಣ.

"ಕಾಕಾ, ಈಗ ಚಾರ್ಜಿಂಗ್ ಬ್ಯಾಡ್ರಿ. ಓಣಿಗೆಲ್ಲಾ ಇರೂದು ಒಂದ ಟ್ರಾನ್ಸ್‌ಫಾರ್ಮರ್. ಅದಕ್ಕ ಭಾರ ತಡೀವಲ್ದು. ವೋಲ್ಟೇಜ್ ಇಳದು ನಮ್ಮ ಗಿರಣಿ ನಿಂತದ."

"ಏ, ಭೇಷ್! ದುಡದು ಮನಿಗಿ ಬಂದ ಎತ್ತಿಗಿ ಮೊದಲ ಮೇವು ಹಾಕಬೇಕು, ಆಮ್ಯಾಲ ನಾವು ಕೈಕಾಲ ತೊಳೀಬೇಕು. ನಮ್ಮಪ್ಪ ಹಂಗ ಕಲಿಸ್ಯಾನ. ಆಟೊಕ್ಕೂ ಅದ ರೀತಿ."

"ಹೊಲದಿಂದ ದಣದು ಬಂದ ನನಗ ಒಂದಿನನರ ಹಿಂಗ ವಿಚಾರಿಸೀರೇನು?" ಎಂದಳು ಗೌರಾಬಾಯಿ. ಸಾಲಿನ ಹೆಂಗಸರು ಬಿದ್ದು ಬಿದ್ದು ನಕ್ಕರು.

ಗುರಣ್ಣ ಸೋಲಲಿಲ್ಲ. "ಇದು ಹೊಗಿ ಬಿಡಲಾರದ ಗಾಡಿ, ಪರಿಸರಕ್ಕ ಛಲೋ ಅಂತ ನೀನ ಹೇಳಿದ್ದಿ ಅಲಾ ಅಂಜುಮ?"

"ಛಲೋನ ಅದ ಕಾಕಾ. ಆದ್ರ ಕರೆಂಟು ಎಲ್ಲಿಂದ ಬರ್ತದ? ಸಂಜೀಕ ಎಲ್ಲರ ಮನ್ಯಾಗ ಲೈಟು, ಟಿವಿ, ಮೋಟಾರು ಚಾಲೂ ಇರ್ತಾವ. ಸೂರ್ಯ ಮುಳುಗಿರ್ತಾನ. ಆವಾಗ ಕಲ್ಲಿದ್ದಲು ಭಾಳ ಸುಡಬೇಕಾಗ್ತದ. ನಿಮ್ಮ ಗಾಡಿ ಬಿಡಲಾರದ ಹೊಗಿ ದೂರದ ಚಿಮಣಿ ಬಿಡ್ತದ. ಮಧ್ಯಾಹ್ನಾದ್ರ ಸೋಲಾರ್ ಕರೆಂಟು ಹೆಚ್ಚಿಗಿ ಇರ್ತದ. ನೀವು ಉಂಡು ಮಲಗ್ತೀರಲಾ, ಆವಾಗ ಹಚ್ರಿ. ಸಾಲದಿದ್ರ ರಾತ್ರಿ ಹತ್ತರ ಮ್ಯಾಲ ಹಚ್ರಿ."

"ನಡುದಾರ್ಯಾಗ ನಿಂತರ ನೀ ಬಂದು ದೂಕ್ತೀಯೇನು?"

"ದೂಕ್ತೇನಿ! ನಾಳಿ ಒಂದಿನ ಮಾಡಿ ನೋಡ್ರಿ."

ಗುರಣ್ಣ ಗೊಣಗುತ್ತಲೇ ವಯರ್ ಕಿತ್ತ. ಗೌರಾಬಾಯಿ ಉಳಿದ ನಾಲ್ಕು ಮನೆಗೂ ಹೋಗಿ, "ಗಾಡಿ ಎರಡು ತಾಸು ಉಪಾಸ ಇರಲಿ, ಮಕ್ಕಳು ರೊಟ್ಟಿ ತಿನ್ಲಿ" ಎಂದು ಗದರಿ ಬಂದಳು. ಮೋಟಾರು ತಣಿದ ಮೇಲೆ ಪ್ಯಾರಿಬಿ ಸ್ವಿಚ್ ಹಾಕಿದಳು. ಗಿರಣಿ ಜೋರಾಗಿ ತಿರುಗಿತು.

ಮರುದಿನ ಮಧ್ಯಾಹ್ನ ಗುರಣ್ಣ ಉಂಡು ಮಲಗಿದ, ಆಟೊ ಚಾರ್ಜಿಗೆ ಹಾಕಿ. ಸಂಜೆ ಆಳಂದದಿಂದ ಹಬ್ಬದ ಸಂತೆಯವರನ್ನು ತುಂಬಿಕೊಂಡು ಬಂದಾಗಲೂ ಚಾರ್ಜು ಇನ್ನೂ ಉಳಿದಿತ್ತು. ಬಂದವನೇ ಪಕ್ಕದ ಮನೆಯ ಆಟೊದವನನ್ನು ಕೂಗಿದ: "ಏ ಶರಫುದ್ದೀನ, ವಯರ್ ತಗೀಲೇ! ಗಾಡಿಗಿ ಮಧ್ಯಾಹ್ನ ಉಣ್ಣಾಕ ಹಾಕು. ಗಿರಣಿ ನಡ್ಯಾಕತ್ತದ, ಕಾಣಸಲ್ಲೇನು?"

"ನಿನ್ನಿ ತನ ನೀನ ಹಾಕ್ತಿದ್ದೆಲ್ಲೋ ಮಾರಾಯ!"

"ನಿನ್ನಿ ಮಾತು ನಿನ್ನಿಗಿ" ಎಂದು ಗುರಣ್ಣ ನಕ್ಕ.

ನಿಮ್ಮ ಓಣಿಯಲ್ಲೂ ಎಲೆಕ್ಟ್ರಿಕ್ ಗಾಡಿ ಬಂದಿರಬಹುದು. ಬರಲಿ, ಒಳ್ಳೆಯದೇ. ಆದರೆ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಚಾರ್ಜರ್‌ಗೆ ಬಿಡುವು ಕೊಡಿ. ಬಿಸಿಲಿರುವಾಗ ಚಾರ್ಜ್ ಮಾಡಿ. ಅಕ್ಕಪಕ್ಕದವರೊಡನೆ ಮಾತಾಡಿ ಪಾಳಿ ಹಚ್ಚಿಕೊಳ್ಳಿ. ಹೊಗೆಯೂ ತಗ್ಗುತ್ತದೆ, ನೆರೆಮನೆಯ ಕೆಲಸವೂ ನಿಲ್ಲುವುದಿಲ್ಲ.

ಆ ಗುರುವಾರ ಸಂಜೆ ಪ್ಯಾರಿಬಿಯ ಗಿರಣಿ ಒಮ್ಮೆಯೂ ನಿಲ್ಲದೆ ಬೀಸಿದ ಸಜ್ಜೆ 186 ಕಿಲೋ.